ಟೆಸ್ಟ್ ಪಾಸಾಗಿದೆ, ಬಗ್ ಹಾಗೇ ಇದೆ

ಪ್ರಶ್ನೆ: ಅರ್ಜಿಯಲ್ಲಿ ತುಂಬಿದ ವಯಸ್ಸನ್ನು ಓದುವ ಫಂಕ್ಷನ್ ಒಂದನ್ನು ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೇನೆ. ಸ್ಟ್ರಿಂಗ್ (ಪಠ್ಯ) ಕೊಟ್ಟರೆ ರಿಸಲ್ಟ್ (ಯಶಸ್ಸು ಅಥವಾ ದೋಷವನ್ನು ಹೊತ್ತ ಮೌಲ್ಯ) ಬರುತ್ತದೆ: ಸರಿಯಿದ್ದರೆ ‘ಓಕೆ’ ಒಳಗೆ ಯು8 (0ರಿಂದ 255ರವರೆಗಿನ) ಸಂಖ್ಯೆ, 18ಕ್ಕಿಂತ ಕಡಿಮೆಯಿದ್ದರೆ ‘ಎರರ್’. 17ಕ್ಕೆ ‘ಈಸ್ ಎರರ್’ (ಎರರ್ ಬಂದಿದೆ) ಎಂದು ಅಸರ್ಟ್ ಮಾಡಿದ, ಅಂದರೆ ಖಚಿತಪಡಿಸುವ, ಟೆಸ್ಟ್ ಪಾಸಾಗುತ್ತಿದೆ. ಆದರೂ 17ರವರ ಅರ್ಜಿಗಳು ಒಳಗೆ ಬರುತ್ತಿವೆ. ಇದು ಹೇಗೆ?

ಉತ್ತರ: ನೀವು ಕಳಿಸಿದ ಕೋಡ್‌ನಲ್ಲಿ 18 ಇರಬೇಕಾದ ಕಡೆ 16 ಎಂದು ಟೈಪ್ ಆಗಿದೆ. ಟೆಸ್ಟ್ ಅದನ್ನು ಹಿಡಿಯಬೇಕಿತ್ತು. ಆದರೆ ಟೆಸ್ಟ್‌ಗೆ ಕೊಟ್ಟ ಇನ್‌ಪುಟ್ ನೋಡಿ: "17 ", ಕೊನೆಗೊಂದು ಸ್ಪೇಸ್ ಅಂಟಿಕೊಂಡಿದೆ. ಸ್ಟ್ರಿಂಗನ್ನು ಸಂಖ್ಯೆಯಾಗಿಸುವ ರಸ್ಟ್‌ನ ಪಾರ್ಸ್ ತಾನಾಗಿ ಟ್ರಿಮ್ ಮಾಡುವುದಿಲ್ಲ, ಅಂದರೆ ಅಂಚಿನ ಸ್ಪೇಸ್ ತೆಗೆಯುವುದಿಲ್ಲ. ಸ್ಪೇಸ್ ಕಂಡೊಡನೆ ‘ಇನ್‌ವ್ಯಾಲಿಡ್ ಡಿಜಿಟ್’ ಎಂದು ಎರರ್ ಕೊಟ್ಟಿತು, ವಯಸ್ಸಿನ ಷರತ್ತಿನವರೆಗೆ ಕೋಡ್ ಹೋಗಲೇ ಇಲ್ಲ. ಏನೋ ಒಂದು ಎರರ್ ಬಂತಲ್ಲ, ‘ಈಸ್ ಎರರ್’ಗೆ ಅಷ್ಟೇ ಸಾಕು.

ಹಾಗಾಗಿ ಎರರ್ ಬಂತೇ ಎಂದಲ್ಲ, ಯಾವ ಎರರ್ ಬಂತು ಎಂದು ಕೇಳಬೇಕು. ನಿಮ್ಮ ಎರರ್‌ಗೆ ಒಂದು ಈನಮ್ (ಹಲವು ಆಯ್ಕೆಗಳಲ್ಲಿ ಒಂದಾಗಬಲ್ಲ ಟೈಪ್) ಮಾಡಿ, ‘ದೋಷ’ ಎಂದೇ ಹೆಸರಿಡಿ (2021ರ 1.53 ಆವೃತ್ತಿಯಿಂದ ರಸ್ಟ್ ಕನ್ನಡ ಹೆಸರುಗಳನ್ನು ಒಪ್ಪುತ್ತದೆ). ಅದರಲ್ಲಿ ಎರಡು ವೇರಿಯಂಟ್ (ಆಯ್ಕೆ) ಇರಲಿ: ಪಾರ್ಸ್ ಎರರ್ ಹೊತ್ತ ‘ಅಂಕಿಯಲ್ಲ’, ಓದಿದ ವಯಸ್ಸನ್ನು ಹೊತ್ತ ‘ವಯಸ್ಸು_ಕಡಿಮೆ’. ಅದರ ಮೇಲೆ ಮುದ್ರಿಸಲು ಡಿಬಗ್ ಮತ್ತು ಹೋಲಿಸಲು ಪಾರ್ಷಿಯಲ್‌ಈಕ್ಯೂ ಎರಡನ್ನೂ ಡಿರೈವ್ ಮಾಡಿ (ಕಂಪೈಲರ್‌ನಿಂದಲೇ ಬರೆಸಿ). ಆಮೇಲೆ ಟೆಸ್ಟ್‌ನಲ್ಲಿ ಅಸರ್ಟ್‌_ಈಕ್ಯೂ ಬಳಸಿ ಇಡೀ ರಿಸಲ್ಟನ್ನೇ ಎರರ್(ದೋಷ::ವಯಸ್ಸು_ಕಡಿಮೆ(17)) ಜೊತೆ ಹೋಲಿಸಿ. ಹೀಗೆ ಬರೆದಿದ್ದರೆ ಆ ಸ್ಪೇಸ್‌ನಿಂದಾಗಿ ಟೆಸ್ಟ್ ಬಿದ್ದು, ಎಡಗಡೆ ‘ಅಂಕಿಯಲ್ಲ’, ಬಲಗಡೆ ‘ವಯಸ್ಸು_ಕಡಿಮೆ(17)’ ಎಂದು ತೋರಿಸುತ್ತಿತ್ತು. ಸ್ಪೇಸ್ ತೆಗೆದ ಕೂಡಲೇ ಓಕೆ(17) ಬಂದು 16ರ ತಪ್ಪೂ ಬಯಲಾಗುತ್ತಿತ್ತು.

ಇನ್‌ಪುಟ್‌ಗಳು: 17 ಮತ್ತು 18 ಎರಡೂ ಬೇಕೇ ಬೇಕು, ಗಡಿಯಲ್ಲೇ ತಪ್ಪಾಗುವುದು. ಖಾಲಿ ಸ್ಟ್ರಿಂಗ್‌ಗೆ ‘ಎಂಪ್ಟಿ’, "300"ಕ್ಕೆ ‘ಪಾಸ್ ಓವರ್‌ಫ್ಲೋ’ (ಪಾಸಿಟಿವ್ ಕಡೆಯ ಮಿತಿ ಮೀರಿದೆ) ಬರುತ್ತದೆ. "-5"ಕ್ಕೆ ನೆಗೆಟಿವ್ ಓವರ್‌ಫ್ಲೋ ಬರಬಹುದೆಂದು ಹಲವರು ಊಹಿಸುತ್ತಾರೆ. ಯು8ಗೆ ಮೈನಸ್ ಚಿಹ್ನೆಯೇ ಗೊತ್ತಿಲ್ಲ, ಬರುವುದು ‘ಇನ್‌ವ್ಯಾಲಿಡ್ ಡಿಜಿಟ್’. "+25" ಮಾತ್ರ ಸಲೀಸಾಗಿ 25 ಆಗುತ್ತದೆ. ಅದು ನಿಮಗೆ ಬೇಡವಾದರೆ ನೀವೇ ತಡೆಯಬೇಕು.

ಪ್ರಶ್ನೆ: ನನ್ನ ಎರರ್ ಈನಮ್ ಒಳಗೆ ಐಒ ಎರರ್ (ಫೈಲ್ ಓದು-ಬರಹದಂಥ ಕೆಲಸದ ದೋಷ) ಇದೆ. ಪಾರ್ಷಿಯಲ್‌ಈಕ್ಯೂ ಡಿರೈವ್ ಮಾಡಿದರೆ ಕಂಪೈಲ್ ಆಗುತ್ತಿಲ್ಲ. ಅದಕ್ಕೇ ‘ಇಫ್ ಲೆಟ್ ಎರರ್(ಇ)’ ಎಂದು ತೆರೆದು ಒಳಗೆ ಅಸರ್ಟ್ ಹಾಕಿದ್ದೇನೆ. ಸರಿಯೇ?

ಉತ್ತರ: ಸರಿಯಲ್ಲ. ಫಂಕ್ಷನ್ ತಪ್ಪಿ ‘ಓಕೆ’ ಕೊಟ್ಟರೆ ‘ಇಫ್ ಲೆಟ್’ ಒಳಗೆ ಹೋಗುವುದೇ ಇಲ್ಲ. ಒಂದೂ ಅಸರ್ಟ್ ಓಡದೆ ಟೆಸ್ಟ್ ಪಾಸ್ ಎನಿಸಿಕೊಳ್ಳುತ್ತದೆ. ಇಂಥ ಟೆಸ್ಟ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ, ಕಡೇಪಕ್ಷ ಸುಳ್ಳು ಧೈರ್ಯ ಕೊಡುವುದಿಲ್ಲ.

ಬದಲಿಗೆ ಎರರನ್ನು ಹೊರತೆಗೆಯುವ ‘ಅನ್‌ರ‍್ಯಾಪ್_ಎರರ್’ ಬಳಸಿ. ‘ಓಕೆ’ ಬಂದರೆ ಅದು ಪ್ಯಾನಿಕ್ ಮಾಡಿ (ಟೆಸ್ಟನ್ನು ಅಲ್ಲಿಗೇ ಬೀಳಿಸಿ) ಒಳಗಿನ ಮೌಲ್ಯವನ್ನೂ ಮುದ್ರಿಸುತ್ತದೆ, ಅದಕ್ಕಾಗಿ ಆ ಮೌಲ್ಯದ ಟೈಪ್‌ಗೆ ಡಿಬಗ್ ಇರಬೇಕು. ಐಒ ಎರರ್‌ಗೆ ಪಾರ್ಷಿಯಲ್‌ಈಕ್ಯೂ ಇಲ್ಲ, ಆದರೆ ಅದರ ‘ಕೈಂಡ್’ಗೆ (ದೋಷದ ಬಗೆಗೆ) ಇದೆ. ಆದ್ದರಿಂದ ಎರರನ್ನು ಬಿಡಿಸಿ, ಕೈಂಡ್ ‘ನಾಟ್ ಫೌಂಡ್’ ಆಗಿದೆಯೇ ಎಂದು ಹೋಲಿಸಿ. ವೇರಿಯಂಟ್ ಅಷ್ಟೇ ಮುಖ್ಯವಾದರೆ ನಮೂನೆಗೆ ಹೊಂದುತ್ತದೆಯೇ ಎಂದು ನೋಡುವ ‘ಮ್ಯಾಚಸ್’ ಮ್ಯಾಕ್ರೊ ಸಾಕು. ಅದನ್ನು ಅಸರ್ಟ್ ಒಳಗೆ ಇಟ್ಟಾಗ ಬಿದ್ದ ಟೆಸ್ಟ್ ನಿಜವಾಗಿ ಬಂದ ಮೌಲ್ಯವನ್ನು ಹೇಳುವುದಿಲ್ಲ, ಹಾಗಾಗಿ ಕೊನೆಯಲ್ಲಿ ಡಿಬಗ್ ರೂಪದ ಸಂದೇಶವನ್ನೂ ಸೇರಿಸಿ. ವೇರಿಯಂಟ್ ಹೆಸರಿನ ಹಿಂದೆ ಈನಮ್ ಹೆಸರು ತಪ್ಪದೆ ಇರಲಿ. ಬರಿ ಹೆಸರನ್ನು ಕಾಗುಣಿತ ತಪ್ಪಿ ಬರೆದರೆ ಕಂಪೈಲರ್ ಅದನ್ನು ಹೊಸ ವೇರಿಯೇಬಲ್ ಎಂದುಕೊಳ್ಳುತ್ತದೆ, ಅದು ಯಾವ ಎರರ್‌ಗೂ ಹೊಂದುತ್ತದೆ. ಸಿಗುವುದು ಒಂದು ವಾರ್ನಿಂಗ್ ಮಾತ್ರ.

ಎರರ್ ಸಂದೇಶದ ಪಠ್ಯವನ್ನು ಹೋಲಿಸುವ ಅಭ್ಯಾಸ ಬೇಡ. ಯಾರೋ ಒಂದು ಅಲ್ಪವಿರಾಮ ತಿದ್ದಿದರೂ ಟೆಸ್ಟ್ ಬೀಳುತ್ತದೆ. ಬಳಕೆದಾರರ ಕಣ್ಣಿಗೆ ಬೀಳುವ ಸಂದೇಶವಾದರೆ ಮಾತು ಬೇರೆ.

ಪ್ರಶ್ನೆ: ಟೆಸ್ಟ್ ಫಂಕ್ಷನ್ನೇ ರಿಸಲ್ಟ್ ಹಿಂದಿರುಗಿಸಿ, ಒಳಗೆಲ್ಲ ಪ್ರಶ್ನಾರ್ಥಕ ಚಿಹ್ನೆ (ಎರರ್ ಬಂದರೆ ಅಲ್ಲಿಂದಲೇ ಹಿಂದಿರುಗಿಸುವ ‘?’) ಬಳಸಬಹುದೇ?

ಉತ್ತರ: ಫೈಲ್ ತೆರೆಯುವುದು, ಡೇಟಾ ಓದುವುದು ಮುಂತಾದ ಪೂರ್ವಸಿದ್ಧತೆಗೆ ಧಾರಾಳವಾಗಿ ಬಳಸಿ. ಆದರೆ ಟೆಸ್ಟ್ ಬಿದ್ದಾಗ ಎರರ್ ಮಾತ್ರ ಕಾಣುತ್ತದೆ, ಯಾವ ಸಾಲಿನಲ್ಲಿ ಎಂಬುದು ಕಾಣುವುದಿಲ್ಲ. ಪರೀಕ್ಷಿಸುತ್ತಿರುವ ಕರೆಗೇ, ಎರರ್ ಬಂದರೆ ಪ್ಯಾನಿಕ್ ಮಾಡುವ ‘ಎಕ್ಸ್‌ಪೆಕ್ಟ್’ ಹಾಕಿದರೆ ಸಾಲಿನ ಸಂಖ್ಯೆಯೂ ಸಿಗುತ್ತದೆ. ವೈಫಲ್ಯವನ್ನೇ ನಿರೀಕ್ಷಿಸುವ ಕರೆಗೆ ಆ ಚಿಹ್ನೆ ಹಾಕಬೇಡಿ, ಎರರ್ ಅಲ್ಲಿಂದಲೇ ಹೊರಟು ಟೆಸ್ಟ್ ಬಿದ್ದುಬಿಡುತ್ತದೆ. ರಿಸಲ್ಟ್ ಹಿಂದಿರುಗಿಸುವ ಟೆಸ್ಟ್‌ಗೆ ‘ಶುಡ್_ಪ್ಯಾನಿಕ್’ (ಪ್ಯಾನಿಕ್ ಆಗಲೇಬೇಕೆಂಬ ಗುರುತು) ಕೂಡ ಹಾಕಲಾಗದು.