ಕವರಿನ ಮೇಲೆ ಹಾಕಿದ ಸಹಿ

ತಿಪಟೂರಿನವರು ಅಂತ ಬರೆದಿದ್ದೀರಿ. ನಾನು ಅರಸೀಕೆರೆ. ಒಂದೇ ರೈಲು, ಒಂದೇ ಕೊಬ್ಬರಿ. ಅರ್ಧ ಮಾತು ಬಿಟ್ಟರೂ ನಿಮಗೆ ತಿಳಿಯುತ್ತದೆ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ನೀವು ಕೇಳಿದ್ದು ಇಷ್ಟು. ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾದ ಮೊಡೆಸ್ಟೋಗೆ ಬಂದು ಎಂಟು ತಿಂಗಳಾಯಿತು. ಊರಲ್ಲಿದ್ದಾಗಿನಿಂದಲೂ ನಿಮ್ಮ ಒಲವು ಬಲಕ್ಕೇ. 2026ರ ನವೆಂಬರ್ 3ಕ್ಕೆ ಇಲ್ಲಿ ಕಾಂಗ್ರೆಸ್ ಚುನಾವಣೆ. ಕೂದಲೆಳೆಯ ಅಂತರದಲ್ಲಿ ಸೋಲು ಗೆಲುವಾಗುವ ಕ್ಷೇತ್ರಗಳಲ್ಲಿ ರಿಪಬ್ಲಿಕನ್ ಅಭ್ಯರ್ಥಿಗೆ ಏನಾದರೂ ಮಾಡಬೇಕು ಅಂತಿದೆ. ದುಡ್ಡು ಕೊಡಬಹುದಾ? ಮನೆ ಮನೆ ಸುತ್ತಬಹುದಾ? ಗ್ರೀನ್ ಕಾರ್ಡಿಗೆ ತೊಂದರೆ ಆಗುತ್ತಾ? ಆಫೀಸಿನಲ್ಲಿ ಗೊತ್ತಾದರೆ?

ಮೊದಲೇ ಒಂದು ಮಾತು. ಊರಿಗೆ ಫೋನ್ ಮಾಡಿದಾಗ 'ಕಾಂಗ್ರೆಸ್ ಚುನಾವಣೆಗೆ ಓಡಾಡ್ತಿದ್ದೀನಿ' ಅಂತ ಮಾತ್ರ ಹೇಳಬೇಡಿ. 2022ರಲ್ಲಿ ನಾನು ಹಾಗೆ ಹೇಳಿದ್ದಕ್ಕೆ ಅಪ್ಪ ಎರಡು ನಿಮಿಷ ಮಾತಾಡಲಿಲ್ಲ. ಹಾಸನ ಜಿಲ್ಲೆಯ ಹಳೇ ಜನತಾ ಮನುಷ್ಯ. ಇಲ್ಲಿ ಕಾಂಗ್ರೆಸ್ ಅಂದರೆ ಪಾರ್ಲಿಮೆಂಟು ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ದುಡ್ಡಿನ ವಿಷಯ ಮೊದಲು ಹೇಳುತ್ತೇನೆ, ಅಲ್ಲೇ ನಾನು ಎಡವಿ ಬೀಳುವುದರಲ್ಲಿದ್ದೆ. ನಾನು ಬಂದದ್ದು 2007ರಲ್ಲಿ. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಓದಿದವನಿಗೆ ಬಾದಾಮಿ ಸಂಸ್ಕರಿಸುವ ಕಂಪನಿಯಲ್ಲಿ ಕೆಲಸ. ಕ್ಯಾಲಿಫೋರ್ನಿಯಾ ಅಂದರೆ ಸಮುದ್ರ, ದೊಡ್ಡ ದೊಡ್ಡ ಕಟ್ಟಡ ಅಂದುಕೊಂಡಿದ್ದೆ. ಕಂಪನಿಯವರು ಏರ್‌ಪೋರ್ಟಿನಿಂದ ಕಾರಿನಲ್ಲಿ ಕೂರಿಸಿ, ಪಚೇಕೊ ಘಾಟಿ ದಾಟಿಸಿ, ಮರ್ಸೆಡ್‌ನಲ್ಲಿ ತಂದಿಳಿಸಿದರು. ದಾರಿಯುದ್ದಕ್ಕೂ ಒಣ ಗುಡ್ಡ, ಕಾಲುವೆ, ಸಾವಿರಾರು ಹಸುಗಳ ಕೊಟ್ಟಿಗೆ ವಾಸನೆ. ಮಾರನೇ ವರ್ಷ ನಮ್ಮ ಬೀದಿಯಲ್ಲಿ ಒಂದೊಂದೇ ಮನೆ ಬ್ಯಾಂಕಿನ ಪಾಲಾಯಿತು. ಅಂಗಳದ ಹುಲ್ಲು ಒಣಗಿದರೆ ಆ ಮನೆ ಖಾಲಿ ಅಂತ ಲೆಕ್ಕ.

2010ರಲ್ಲಿ ಕಂಪನಿಯ ಒಬ್ಬರು ಊಟಕ್ಕೆ ಕರೆದರು. ಕಾಂಗ್ರೆಸ್ ಕ್ಯಾಂಡಿಡೇಟ್ ಬರುತ್ತಾರೆ, ತಲೆಗೆ ನೂರು ಡಾಲರ್. ನಾನು ಜಂಬದಿಂದ ಚೆಕ್‌ಬುಕ್ ತೆಗೆದೆ. ಬಾಗಿಲಲ್ಲಿ ಕೂತಿದ್ದ ಅಜ್ಜಿ, ಪೋರ್ಚುಗೀಸ್ ಹೈನುಗಾರರ ಮನೆಯವಳು, ಕನ್ನಡಕದ ಮೇಲಿಂದ ನೋಡಿ 'ಸಿಟಿಜನ್ನಾ? ಗ್ರೀನ್ ಕಾರ್ಡಾ?' ಅಂತ ಕೇಳಿದಳು. ಎರಡೂ ಅಲ್ಲ ಅಂದೆ. ಅವಳೇ ಚೆಕ್‌ಬುಕ್ ಮುಚ್ಚಿ ನನ್ನ ಜೇಬಿಗೆ ತುರುಕಿದಳು. ಪಕ್ಕದಲ್ಲಿದ್ದ ಗೆಳೆಯ 'ನನ್ನ ಹೆಸರಲ್ಲಿ ಕೊಡ್ತೀನಿ, ಆಮೇಲೆ ನನಗೆ ಕೊಡು' ಅಂದ. ಅವನಿಗೂ ಬೈಗುಳ ಬಿತ್ತು. ಆಮೇಲೆ ಮೂಲೆಯ ಕಡೆ ಕೈ ತೋರಿಸಿ 'ಸಭೆ ಮುಗಿದ ಮೇಲೆ ಆ ಕುರ್ಚಿ ಮಡಚಿಡು, ಅದಕ್ಕೆ ಯಾರ ಅಡ್ಡಿಯೂ ಇಲ್ಲ' ಅಂದಳು. ಮಡಚಿಟ್ಟೆ. ಆ ಸಲ ನಮ್ಮವರು ಸೋತರು ಬಿಡಿ.

ಕಾನೂನು ಈಗಲೂ ಅಜ್ಜಿ ಹೇಳಿದ್ದೇ. ಎಚ್-1ಬಿ, ವಿದ್ಯಾರ್ಥಿ ವೀಸಾದವರು ಯಾವ ಚುನಾವಣೆಗೂ ಒಂದು ಡಾಲರ್ ಕೊಡುವ ಹಾಗಿಲ್ಲ. ಕ್ಯಾಂಡಿಡೇಟ್ ಮಾರುವ ಟೋಪಿ, ಟೀಶರ್ಟ್ ಕೊಂಡರೂ ಅದು ದೇಣಿಗೆ ಅಂತಲೇ ಲೆಕ್ಕ. ಆದ್ದರಿಂದ ಟೋಪಿಯೂ ಬೇಡ. ಇನ್ನೊಬ್ಬರ ಹೆಸರಲ್ಲಿ ಕೊಡುವುದಂತೂ ಅಪರಾಧ. ಊರಲ್ಲಿ ಭಾವಮೈದನ ಹೆಸರಲ್ಲಿ ಗದ್ದೆ ಕೊಂಡ ಹಾಗಲ್ಲ ಇದು. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ಈ ಸಲದ ಮಿತಿ ಒಬ್ಬ ಅಭ್ಯರ್ಥಿಗೆ ಪ್ರೈಮರಿಗೆ, ಅಂದರೆ ಮುಖ್ಯ ಚುನಾವಣೆಗೆ ಮುಂಚಿನ ಸುತ್ತಿಗೆ 3,500, ಮುಖ್ಯ ಚುನಾವಣೆಗೆ 3,500 ಡಾಲರ್. ಒಟ್ಟು 200 ದಾಟಿದರೆ ನಿಮ್ಮ ಹೆಸರು, ಕೆಲಸ, ಕಂಪನಿ ಎಲ್ಲಾ ಸರ್ಕಾರದ ದಾಖಲೆಗೆ ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು. ಆಫೀಸಿನ ಬಗ್ಗೆ ಕೇಳಿದ್ದಿರಲ್ಲ, ಉತ್ತರ ಅದೇ. ಮಿಕ್ಕಂತೆ ಊಟದ ಟೇಬಲ್ಲಿನಲ್ಲಿ ರಾಜಕೀಯ ಮಾತಾಡಬೇಡಿ, ಅಷ್ಟೆ. ಮುಂದೆ ಕೊಡುವ ಕಾಲ ಬಂದಾಗ 'ಪ್ರತಿ ತಿಂಗಳು' ಅನ್ನುವ ಚೌಕದಲ್ಲಿ ಮೊದಲೇ ಟಿಕ್ ಬಿದ್ದಿದೆಯಾ ಅಂತ ನೋಡಿಕೊಳ್ಳಿ. ನನಗೆ ಗೊತ್ತಾಗುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು.

ಗ್ರೀನ್ ಕಾರ್ಡಿಗೆ ತೊಂದರೆ ಬರುವುದು ಓಟಿನಿಂದ. ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರಿಸಬೇಕಾ ಅಂತ ಕೇಳುತ್ತಾರೆ. ನಾನು ಸಿಟಿಜನ್ ಅಂತ ಕೈತಪ್ಪಿ ಟಿಕ್ ಮಾಡಿದರೆ ಮುಗಿಯಿತು ಕಥೆ. ಸಿಟಿಜನ್‌ಶಿಪ್ ಅರ್ಜಿಯಲ್ಲಿ ಆ ಪ್ರಶ್ನೆಯನ್ನೇ ಕೇಳುತ್ತಾರೆ: ಹೆಸರು ನೋಂದಾಯಿಸಿದ್ದಿರಾ, ಓಟು ಹಾಕಿದ್ದಿರಾ? ಓದಿ ಟಿಕ್ ಮಾಡಿ.

ಮನೆ ಮನೆ ಸುತ್ತಬಹುದು, ಸಂಬಳ ತಗೊಳ್ಳದೆ. ಫೋನ್ ಮಾಡಬಹುದು, ಕರಪತ್ರ ಹಂಚಬಹುದು. ದುಡ್ಡು ಎಲ್ಲಿಗೆ ಹೋಗಬೇಕು, ಜಾಹೀರಾತು ಯಾವುದಿರಬೇಕು ಅಂತ ತೀರ್ಮಾನ ಮಾಡುವ ಕಡೆ ಕೂರಬಾರದು. ಕೂರಿಸುವುದೂ ಇಲ್ಲ ಬಿಡಿ. ನಿಮ್ಮ ಮನೆ ಯಾವ ಕ್ಷೇತ್ರಕ್ಕೆ ಬರುತ್ತದೆ ಅಂತ ಮಾತ್ರ ಹೊಸದಾಗಿ ನೋಡಿಕೊಳ್ಳಿ. 2025ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 50 ಅನ್ನುವ ಪ್ರಸ್ತಾವ ಜನರ ಓಟಿನಿಂದ ಪಾಸಾಗಿ ರಾಜ್ಯದ ಕ್ಷೇತ್ರಗಳ ನಕ್ಷೆಯೇ ಬದಲಾಗಿದೆ, ನಮ್ಮ ಪಕ್ಷಕ್ಕೆ ಹೊಡೆತ ಬೀಳುವ ಹಾಗೆ. ನಾನು ಅದರ ವಿರುದ್ಧ ಓಟು ಹಾಕಿದೆ. ಟೆಕ್ಸಾಸ್‌ನಲ್ಲಿ ನಮ್ಮವರು ಮೊದಲು ಅದೇ ಆಟ ಆಡಿದ್ದು ಅಂತ ಹೆಂಡತಿ ನೆನಪಿಸಿದಳು. ಅವಳು ಹೇಳಿದ್ದೂ ಸುಳ್ಳಲ್ಲ.

ಪಕ್ಷದಲ್ಲಿ ನಮ್ಮಂಥವರನ್ನು ಹೇಗೆ ನೋಡುತ್ತಾರೆ ಅನ್ನುವ ಅಳುಕು ನಿಮ್ಮ ಕಾಗದದಲ್ಲಿದೆ, ನೇರವಾಗಿ ಕೇಳಿಲ್ಲ. ಎಚ್-1ಬಿ ಬಗ್ಗೆ ಪಕ್ಷದೊಳಗೇ ಜಗಳ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಅಂದಾಗ ನಾನೂ ಒಂದು ವಾರ ಪಕ್ಷದ ಆಫೀಸಿನ ಕಡೆ ತಲೆ ಹಾಕಲಿಲ್ಲ. ಭಾರತ ಮೂಲದ ರಿಪಬ್ಲಿಕನ್ ಅಂತ ಕೆಳಮನೆಗೆ ಹೋದವರು ಬಾಬಿ ಜಿಂದಾಲ್ ಒಬ್ಬರೇ, ಅದೂ 2004ರಲ್ಲಿ. ಈಗ ಅಲ್ಲಿರುವ ಭಾರತ ಮೂಲದವರೆಲ್ಲಾ ಡೆಮಾಕ್ರಾಟರು. ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ ಕೂಡ. ನನ್ನ ಪಕ್ಷ ಅಲ್ಲದಿದ್ದರೂ ಅವರ ಹೆಸರು ಬಂದಾಗ ಟೀವಿ ಸೌಂಡು ಜಾಸ್ತಿ ಮಾಡುತ್ತೇನೆ.

ಹಾಗಾದರೆ ಈ ಪಕ್ಷದಲ್ಲೇ ಯಾಕಿದ್ದೀರಿ ಅಂತೀರಾ? ನನಗೆ ನೀರು. ಅರಸೀಕೆರೆ ತಾಲ್ಲೂಕಿನಲ್ಲಿ ಬೆಳೆದವನಿಗೆ ತುಂಬಿದ ಕಾಲುವೆ ಕಣ್ಣೆದುರಿಗಿದ್ದೂ ತೋಟ ಒಣಗುವುದು ಹೊಟ್ಟೆ ಉರಿಸುತ್ತದೆ. ಡೆಲ್ಟಾ ಸ್ಮೆಲ್ಟ್ ಅನ್ನುವ ಪುಟ್ಟ ಮೀನನ್ನು ಉಳಿಸಬೇಕು ಅಂತ ಕಾಲುವೆಗೆ ನೀರೆತ್ತುವ ಪಂಪು ನಿಧಾನ ಮಾಡುತ್ತಾರೆ. ಬರಗಾಲದಲ್ಲಿ ಇಲ್ಲಿಯವರು ಬಾದಾಮಿ ಮರ ಬುಡಸಮೇತ ಕಿತ್ತಿದ್ದನ್ನು ನೋಡಿದ್ದೇನೆ. ಮೀನಿನ ಪರ ಇರುವವರ ವಾದವೂ ಗೊತ್ತು. ನನಗೆ ಒಪ್ಪಿಗೆಯಾಗಿಲ್ಲ.

ಇನ್ನು ಯಾರೂ ನನಗೆ ಹೇಳದಿದ್ದ ವಿಷಯ.

ಊರಲ್ಲಿ ಓಟು ಅಂದರೆ ಶಾಲೆ, ಸರತಿ ಸಾಲು, ಬೆರಳಿಗೆ ಶಾಯಿ. ಆ ಶಾಯಿ ನಾನು ಓದಿದ ಮೈಸೂರಿನಲ್ಲೇ ತಯಾರಾಗುತ್ತದೆ. ಇಲ್ಲಿ ಶಾಯಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಮತದಾರನ ಮನೆಗೂ ಮತಪತ್ರ ಅಂಚೆಯಲ್ಲಿ ಬರುತ್ತದೆ. ತುಂಬಿ, ಕವರಿಗೆ ಹಾಕಿ, ಕವರಿನ ಮೇಲೆ ಸಹಿ ಮಾಡಬೇಕು. ಆ ಸಹಿಯನ್ನು ದಾಖಲೆಯಲ್ಲಿರುವ ಸಹಿಯ ಜೊತೆ ಹೋಲಿಸುತ್ತಾರೆ. ಹೊಂದದಿದ್ದರೆ ಕವರು ತೆರೆಯುವುದಿಲ್ಲ. ಮನೆಗೆ ಕಾಗದ ಕಳಿಸುತ್ತಾರೆ: ನಿಮ್ಮದೇ ಸಹಿ ಅಂತ ಬರೆದು ಕಳಿಸಿ, ಎಣಿಸುತ್ತೇವೆ. ಅದಕ್ಕೆ ವಾರಗಟ್ಟಲೆ ಸಮಯ ಇರುತ್ತದೆ. ಹಾಗೆ ಸಹಿ ಹೊಂದದವರ ಪಟ್ಟಿ ಪಕ್ಷದವರಿಗೂ ಸಿಗುತ್ತದೆ. ಹತ್ತಿರದ ಪೈಪೋಟಿ ಇದ್ದರೆ ಓಟಿನ ದಿನ ಮುಗಿದ ಮೇಲೆಯೇ ನಿಜವಾದ ಓಡಾಟ ಶುರು.

2022ರಲ್ಲಿ ನಾನು ಆ ಪಟ್ಟಿ ಹಿಡಿದು ಒಂಬತ್ತು ದಿನ ಸುತ್ತಿದೆ. ನಮ್ಮದು 13ನೇ ಕ್ಷೇತ್ರ. ಜಾನ್ ಡುವಾರ್ಟೆ ನಮ್ಮ ಕ್ಯಾಂಡಿಡೇಟ್, ಸಸಿ ಬೆಳೆಸುವ ನರ್ಸರಿ ಕುಟುಂಬದವರು. ಎದುರಿಗೆ ಆಡಮ್ ಗ್ರೇ. ಬೆಳಗಿನ ಮಂಜಿನಲ್ಲಿ ಮುಂದಿನ ಮನೆಯ ನಂಬರು ಕಾಣುತ್ತಿರಲಿಲ್ಲ. ಒಬ್ಬ ಹೈನುಗಾರ ಬಲಗೈಗೆ ಪಟ್ಟಿ ಹಾಕಿಕೊಂಡು ಬಾಗಿಲು ತೆಗೆದ. ಹಸು ಒದ್ದು ಕೈ ಮುರಿದಿತ್ತು, ಎಡಗೈಯಲ್ಲಿ ಸಹಿ ಹಾಕಿ ಕಳಿಸಿದ್ದನಂತೆ. ಫಾರಂ ಇಟ್ಟೆ. ನಾಲಿಗೆ ಕಚ್ಚಿಕೊಂಡು, ಒಂದನೇ ಕ್ಲಾಸಿನ ಹುಡುಗನ ಹಾಗೆ ಮತ್ತೆ ಎಡಗೈಯಲ್ಲೇ ಬರೆದ. ಡುವಾರ್ಟೆ ಗೆದ್ದದ್ದು 564 ಓಟಿನಿಂದ. ಅದರಲ್ಲಿ ಹನ್ನೊಂದು ನನ್ನವು ಅಂತ ಈಗಲೂ ಹೇಳಿಕೊಂಡು ತಿರುಗುತ್ತೇನೆ.

2024ರಲ್ಲಿ ಮತ್ತೆ ಅದೇ ಇಬ್ಬರು. ಸೆಪ್ಟೆಂಬರ್‌ನಿಂದ ಶನಿವಾರ ಒಂದೂ ಬಿಡಲಿಲ್ಲ. ಆದರೆ ನವೆಂಬರ್ 7ಕ್ಕೆ ಊರಿಗೆ ಟಿಕೆಟ್ ಆಗಿತ್ತು, ಅಪ್ಪನ ವರ್ಷಾಬ್ದಿಕ. 4ನೇ ತಾರೀಖು ರಾತ್ರಿ ಅಡುಗೆಮನೆ ಕಟ್ಟೆಯ ಮೇಲೆ ಸೂಟ್‌ಕೇಸ್ ತೂಗುವ ತಕ್ಕಡಿ, ಅಕ್ಕನ ಮಕ್ಕಳಿಗೆ ಚಾಕೊಲೇಟ್, ಅದರ ಪಕ್ಕದಲ್ಲಿ ಓಟಿನ ಕವರು. ಸರಸರ ಗೀಚಿ ಅಂಟಿಸಿದೆ. ಕಾರ್ಖಾನೆಯಲ್ಲಿ ದಿನಕ್ಕೆ ಮೂವತ್ತು ಸಲ ಲಾಟ್ ಪಾಸು ಮಾಡುವಾಗ ಹಾಕುತ್ತೇನಲ್ಲ, ಹಾವು ಹರಿದ ಹಾಗಿನ ಇಂಗ್ಲಿಷ್ ಸಹಿ, ಅದು.

ದಾಖಲೆಯಲ್ಲಿದ್ದದ್ದು ಬೇರೆ. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ನಾನು ಹೊರಡುವಾಗ 'ಎಲ್ಲಿಗೆ ಹೋದ್ರೂ ರುಜು ಕನ್ನಡದಲ್ಲಿರಲಿ ಕಣಯ್ಯಾ' ಅಂದಿದ್ದರು. 2007ರಲ್ಲಿ ಲೈಸೆನ್ಸಿಗೆ ನಾನು ಹಾಕಿದ್ದು ದುಂಡಗಿನ ಕನ್ನಡ ಸಹಿ, ಇನಿಷಿಯಲ್ ಸಮೇತ. 2018ರಲ್ಲಿ ಸಿಟಿಜನ್ ಆಗಿ ಮತದಾರರ ಪಟ್ಟಿಗೆ ಸೇರಿದಾಗ ಅದೇ ಸಹಿ ಅಲ್ಲಿಗೂ ಹೋಯಿತು. ಅಲ್ಲಿಂದ ಯಾವಾಗಲೂ ಖುದ್ದಾಗಿ ಹೋಗಿ ಓಟು ಹಾಕುತ್ತಿದ್ದೆ, ಕವರಿನ ಗೊಡವೆ ಬಂದಿರಲಿಲ್ಲ.

ಅಂಚೆಯನ್ನು ತಡೆಹಿಡಿಯಲು ಹೇಳಿ ಹೋಗಿದ್ದೆ. ಊರಲ್ಲಿ ಇಂಡಿಯಾ ಸಿಮ್. ಡಿಸೆಂಬರ್ 3ಕ್ಕೆ ಫಲಿತಾಂಶ ಬಂತು. ದೇಶದಲ್ಲೇ ಕೊನೆಗೆ ತೀರ್ಮಾನವಾದ ಸೀಟು ನಮ್ಮದು. ಗ್ರೇ 187 ಓಟಿನಿಂದ ಗೆದ್ದರು. ಕೆಳಮನೆಯಲ್ಲಿ ರಿಪಬ್ಲಿಕನ್ನರು 220, ಡೆಮಾಕ್ರಾಟರು 215 ಆದರು. ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಫೋನಿನಲ್ಲಿ ನೋಡಿದೆ. ಹತ್ತಿರ ಬಂದು ತಪ್ಪಿತಲ್ಲಾ ಅಂದುಕೊಂಡೆ ಅಷ್ಟೆ.

ವಾಪಸು ಬಂದು ಅಂಚೆ ಕಟ್ಟು ಬಿಚ್ಚಿದಾಗ ಗ್ಯಾಸ್ ಬಿಲ್ಲಿನ ಕೆಳಗೆ ಆ ಕಾಗದ ಸಿಕ್ಕಿತು. ನಾನು ಹನ್ನೊಂದು ಮನೆಗೆ ಹೊತ್ತು ತಿರುಗಿದ ಫಾರಂ. ಅದರಲ್ಲಿ ನನ್ನ ಹೆಸರು. ಜೊತೆಯಲ್ಲಿ ಸುತ್ತುತ್ತಿದ್ದ ಗೆಳೆಯನಿಗೆ ಫೋನ್ ಮಾಡಿದರೆ, 'ನಿನ್ನ ಮನೆ ಬಾಗಿಲು ಮೂರು ಸಲ ತಟ್ಟಿದೆ, ಪಟ್ಟಿಯಲ್ಲಿ ನಿನ್ನ ಹೆಸರು ನೋಡಿ ಎಲ್ಲರೂ ನಕ್ಕೆವು' ಅಂದ.

'ನಿಮ್ಮ ಓಟು ಬಿದ್ದಿದ್ರೆ 186 ಆಗ್ತಿತ್ತು' ಅಂತ ಹೆಂಡತಿ ಅಂದಳು. ಅವಳ ಸಹಿ ಕಾಲೇಜಿನಿಂದ ಒಂದೇ ತರ. ಲೆಕ್ಕ ಸರಿಯೇ. ಆದರೆ ನನ್ನನ್ನು ಕೊರೆಯುವುದು ಆ ಒಂದು ಓಟಲ್ಲ. ಎರಡು ತಿಂಗಳು ನಮ್ಮ ಭಾರತೀಯರ ಮನೆಗಳಿಗೆಲ್ಲ ನಾನೇ ಹೋಗಿದ್ದೆ. ಕಾಫಿ ಕುಡಿದೆ, ಪೆಟ್ರೋಲ್ ರೇಟು ಮಾತಾಡಿದೆ, ಊರು ಕೇಳಿದೆ. ಪಾಸ್‌ಪೋರ್ಟಿಗೊಂದು ಸಹಿ, ಬ್ಯಾಂಕಿಗೊಂದು ಸಹಿ ಇಟ್ಟುಕೊಂಡ ಜನ ನಾವು. ಲೈಸೆನ್ಸ್ ತೆಗೆದು ನೋಡಿ ಅದರಲ್ಲಿರುವ ಹಾಗೇ ಸಹಿ ಹಾಕಿ ಅಂತ ಒಬ್ಬರಿಗೂ ಹೇಳಲಿಲ್ಲ. 2022ರಲ್ಲಿ ಪಟ್ಟಿ ಹಿಡಿದು ತಿರುಗಿದವನಿಗೆ ಇದು ಹೊಳೆಯಲಿಲ್ಲ ಅಂದರೆ ಏನನ್ನಬೇಕು? ಎಷ್ಟು ಮನೆಗೆ ಆ ಕಾಗದ ಬಂದಿತ್ತೋ ಅಂತ ರಾತ್ರಿ ನಿದ್ದೆ ಬಾರದಾಗ ಎಣಿಸುತ್ತೇನೆ.

ಈಗ ಲೈಸೆನ್ಸಿನ ಜೆರಾಕ್ಸ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಸಹಿಯನ್ನು ಇಂಗ್ಲಿಷಿಗೆ ಬದಲಾಯಿಸಿಬಿಡಿ ಅಂತ ಮಗ ಹೇಳಿದ. ಬದಲಾಯಿಸಲಿಲ್ಲ. ಹೋದ ನವೆಂಬರ್‌ನಲ್ಲಿ ಟೇಬಲ್ಲಿಗೆ ಕೂತು, ಎರಡು ಸಲ ಹಾಳೆಯ ಮೇಲೆ ಬರೆದು ನೋಡಿ, ಆಮೇಲೆ ಕವರಿನ ಮೇಲೆ ಬರೆದೆ. ಕವರು ತಲುಪಿತು, ಎಣಿಕೆಗೆ ಸೇರಿತು ಅಂತ ಮೊಬೈಲಿಗೆ ಮೆಸೇಜ್ ಕಳಿಸುವ ವ್ಯವಸ್ಥೆ ರಾಜ್ಯದವರೇ ಇಟ್ಟಿದ್ದಾರೆ. ಮುಂಚೆ ಅದಕ್ಕೂ ಹೆಸರು ಕೊಟ್ಟಿರಲಿಲ್ಲ, ಸೋಮಾರಿತನ. ಈ ಸಲ ಐದನೇ ದಿನ ಮೆಸೇಜ್ ಬಂತು. ಹೆಂಡತಿಗೆ ಎರಡು ಸಲ ತೋರಿಸಿದೆ.

ನಿಮಗೆ ಓಟು ಬರುವುದಕ್ಕೆ ಇನ್ನೂ ಎಷ್ಟು ವರ್ಷವೋ. ನಾನು ಗ್ರೀನ್ ಕಾರ್ಡಿಗೆ ಐದು ವರ್ಷ ಕಾದೆ, ಈಗಿನ ಸಾಲು ನೋಡಿದರೆ ಹೇಳುವುದಕ್ಕೇ ಸಂಕಟ. ಅಲ್ಲಿಯವರೆಗೆ ಶನಿವಾರ ಬೆಳಿಗ್ಗೆ ಬನ್ನಿ. ಈಗ ಬಾದಾಮಿ ಹೂ ಬಿಟ್ಟಿದೆ, ದಾರಿ ಚೆನ್ನಾಗಿರುತ್ತದೆ. ಹಳೇ ಶೂ ಹಾಕಿಕೊಂಡು ಬನ್ನಿ, ನಾಯಿ ಇರುವ ಮನೆ ನನಗೆ ಬಿಡಿ. ಕುರ್ಚಿ ಮಡಚುವ ಕೆಲಸ ಹೇಗೂ ಇದ್ದೇ ಇರುತ್ತದೆ. ಊರಿಂದ ತಂದ ಕೊಬ್ಬರಿ ಉಳಿದಿದ್ದರೆ ಒಂದೆರಡು ಬಟ್ಟಲು ತನ್ನಿ, ಇಲ್ಲಿಯದು ಸಾರಿಗೆ ಹಾಕಿದರೆ ಸಪ್ಪೆ.