ಪಂಚೆ ಮೂಲೆಯ ಮೂರು ಚುಕ್ಕಿ

ಪ್ರಶ್ನೆ: ತಾತನ ಹಳೇ ಪಂಚೆಯ ಮೂಲೆಯಲ್ಲಿ ಕಪ್ಪಗೆ ಎರಡು ಗೀಟು, ಮೂರು ಚುಕ್ಕಿ ಇವೆ. ಸೋಪು ಹಾಕಿ ಉಜ್ಜಿದೆ, ನಿಂಬೆಹಣ್ಣು ತಿಕ್ಕಿದೆ, ಹೋಗಲಿಲ್ಲ. ಅಮ್ಮ "ಅದು ಮಡಿವಾಳರ ಗುರುತು ಕಣೇ" ಅಂತಾರೆ. ಏನದು?
— ಓದುಗರೊಬ್ಬರು, ತುಮಕೂರು

ಉತ್ತರ (ಮೈಸೂರಿನ ಇಸ್ತ್ರಿ ಅಂಗಡಿಯ ಹಿರಿಯರೊಬ್ಬರಿಂದ): ಸುಮ್ನೆ ಉಜ್ಜಬೇಡಿ ತಾಯಿ. ಪಂಚೆ ಹರಿದೀತೇ ಹೊರತು ಗುರುತು ಹೋಗಲ್ಲ. ಅದು ಕರಿಗೇರಿನ ಕಾಯಿಯ ರಸ ಇರಬೇಕು. ಗೋಡಂಬಿ ಮರದ ನೆಂಟ, ಕಾಡಲ್ಲಿ ಬೆಳೆಯುತ್ತೆ. ನಮ್ಮಪ್ಪ ಕಾಯಿಗೆ ಸೂಜಿ ಚುಚ್ಚಿ, ತುದಿಗೆ ಅಂಟಿದ ರಸದಲ್ಲೇ ಬಟ್ಟೆ ಮೇಲೆ ಗೀಚುತ್ತಿದ್ದರು. ಆಗ ಬರೀ ಕಂದು ಬಣ್ಣ. ಮೇಲೆ ಎಲೆಅಡಿಕೆಯ ಸುಣ್ಣ ಒಂಚೂರು ಸವರಿದರೆ ಕಪ್ಪಾಗಿ ಕೂತುಬಿಡುತ್ತಿತ್ತು. ಆಮೇಲೆ ಉಬ್ಬೆಗೆ ಹಾಕಿದರೂ ಅಲುಗುತ್ತಿರಲಿಲ್ಲ. ಉಬ್ಬೆ ಅಂದರೆ ಚೌಳುನೀರಲ್ಲಿ ಅದ್ದಿದ ಬಟ್ಟೆಯನ್ನು ಬಾನಿ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸೋದು.

ಆ ರಸ ಬಲು ಕೆಟ್ಟದ್ದು. ಏಳೆಂಟು ವರ್ಷದವನಿದ್ದಾಗ ಕಾಯಿ ಮುಟ್ಟಿದ ಕೈಯಲ್ಲೇ ಮೂಗು ಒರೆಸಿಕೊಂಡೆ. ಒಂದೆರಡು ದಿನಕ್ಕೆ ಮುಖ ಊದಿ, ತುಂಬ ಗುಳ್ಳೆ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಾ ಅಪ್ಪನಿಗೆ ಬೈದಿದ್ದೇ ಬೈದಿದ್ದು. ಗಿರಾಕಿಗಳಲ್ಲೂ ಕೆಲವರಿಗೆ ಕಾಲರ್ ತಾಗುವ ಕಡೆ ತುರಿಕೆ ಬರುತ್ತಿತ್ತು.

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಗೀಟು ಅಂದರೆ ಬೀದಿ, ಚುಕ್ಕಿ ಅಂದರೆ ಮನೆ. ಒಣಗಿದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದರ ಮೂಲೆ ಹೆಬ್ಬೆರಳಲ್ಲಿ ತಿರುಗಿಸಿ ನೋಡಿ ಎಸೆಯುತ್ತಿದ್ದರು. ಬಿದ್ದಲ್ಲೇ ಮನೆಮನೆಯ ಗಂಟು ಬೆಳೆಯುತ್ತಿತ್ತು. ತಪ್ಪಿದ್ದು ನನಗೆ ನೆನಪಿರೋ ಹಾಗೆ ಒಂದೇ ಸಲ. ಒಂದು ಚುಕ್ಕಿ ಮಡಿಕೆಯಲ್ಲಿ ಮರೆಯಾಗಿ, ಮೇಷ್ಟ್ರ ಪಂಚೆ ಪಕ್ಕದ ಮನೆಗೆ ಹೋಯಿತು. ಆ ಯಜಮಾನರು ಅದನ್ನೇ ಉಟ್ಟು ಸಂತೆಗೆ ಬಂದರು. ಮೇಷ್ಟ್ರು ಅಂಚು ನೋಡಿ ಗುರುತು ಹಿಡಿದರು, ಪುಣ್ಯಕ್ಕೆ ಅಲ್ಲೇನೂ ಅನ್ನಲಿಲ್ಲ. ಸಂಜೆ ನಮ್ಮ ಮನೆ ಬಾಗಿಲಿಗೇ ಬಂದರು.

ಈಗ ನನ್ನ ಅಂಗಡಿಯಲ್ಲಿ ಗ್ಯಾಸ್ ಇಸ್ತ್ರಿಪೆಟ್ಟಿಗೆ. ಕಾಲರ್ ಪಟ್ಟಿ ಮೇಲೆ ಮಾರ್ಕರ್‌ನಲ್ಲಿ ಫ್ಲಾಟ್ ನಂಬರ್ ಬರೀತೀನಿ. ಹತ್ತು ಒಗೆತಕ್ಕೆ ಮಾಸುತ್ತೆ, ಮತ್ತೆ ಬರೀತೀನಿ.

ನಿಮ್ಮ ಕಡೆಯವರ ಲೆಕ್ಕ ಬೇರೆ ಇದ್ದಿರಬಹುದು, ಒಬ್ಬೊಬ್ಬರದು ಒಂದೊಂದು ಥರ. ಆದರೂ ತಾತನ ಮನೆ ಎಲ್ಲಿತ್ತು ಅಂತ ಅಮ್ಮನನ್ನು ಕೇಳಿ ನೋಡಿ. ಎರಡನೇ ಬೀದಿ, ಮೂರನೇ ಮನೆ ಇದ್ದರೂ ಇರಬಹುದು.