ಮೇಷ್ಟ್ರು ಕಿವಿ ತೋರಿಸಲು ಯಾಕೆ ಒಪ್ಪಲಿಲ್ಲ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದವರು ನಿವೃತ್ತ ಉಪನ್ಯಾಸಕರು, ವಯಸ್ಸು 64. ಮೇಷ್ಟ್ರು ಅಂತಲೇ ಕರೆಯೋಣ. ಮೊದಲು ಮಾತಾಡಿದ್ದು ಅವರ ಹೆಂಡತಿ. "ಮೇಡಂ, ಮಾತಾಡಿಸಿದ್ರೆ ರೇಗ್ತಾರೆ. ಸಂಗೀತ ಜೋರಾಗಿ ಹಾಕ್ತಾರೆ, ಅರ್ಧಕ್ಕೇ ನಿಲ್ಲಿಸಿ ಎದ್ದುಬಿಡ್ತಾರೆ."

ಮೇಷ್ಟ್ರ ಮನೆಯಲ್ಲಿ ಸಂಗೀತ ಕೇಳೋದಕ್ಕೇ ಒಂದು ಕೋಣೆ ಇದೆ. ವಾಲ್ವ್ ಆಂಪ್ಲಿಫೈಯರ್, ಎತ್ತರದ ಸ್ಪೀಕರ್‌ಗಳು, ಗೋಡೆ ತುಂಬ ಎಲ್‌ಪಿ ರೆಕಾರ್ಡುಗಳು. ತಂಬೂರಿಯ ಝೇಂಕಾರ ಮಂಕಾಗಿದೆ ಅನ್ನಿಸಿ ಸ್ಟೈಲಸ್ (ರೆಕಾರ್ಡಿನ ಮೇಲೆ ಓಡುವ ಮುಳ್ಳು) ಬದಲಿಸಿದರು, ಕೇಬಲ್ ಬದಲಿಸಿದರು, ಕೊನೆಗೆ ಆಂಪ್ಲಿಫೈಯರನ್ನೇ ಬದಲಿಸಿದರು. ಕಿವಿ ಮಾತ್ರ ತೋರಿಸಲಿಲ್ಲ.

ಹೆಂಡತಿಯನ್ನು ಹೊರಗೆ ಕೂರಿಸಿ ಮೇಷ್ಟ್ರನ್ನೇ ಕೇಳಿದೆ. "ಗೊತ್ತಿದೆ ಮೇಡಂ, ಕಿವಿಯದೇ ತೊಂದರೆ. ಆದ್ರೆ ಗೆಳೆಯರು ಸ್ಪೀಕರ್ ಕೊಳ್ಳೋಕೆ ನನ್ನನ್ನೇ ಕರ್ಕೊಂಡು ಹೋಗ್ತಾರೆ. ನಿಮ್ಮ ಕಿವಿಗೆ ಒಪ್ಪಿದ್ರೆ ಸಾಕು ಅಂತಾರೆ. ಇನ್ನು ಯಾವ ಮುಖ ಇಟ್ಕೊಂಡು ಹೋಗಲಿ?" ಅಂದರು. ಕಣ್ಣು ತುಂಬಿತ್ತು.

"ವಯಸ್ಸಾಯ್ತಲ್ವಾ, ಕೇಳಿಸಿದಷ್ಟು ಸಾಕು ಬಿಡಿ" ಅಂತ ಮನೆಯವರು ಹೇಳಿದ್ದರಂತೆ. ಸಮಾಧಾನಕ್ಕೆ ಆಡಿದ ಮಾತೇ ಅದು, ಆದರೆ ತುಂಬ ನೋಯಿಸುತ್ತದೆ. ಜೀವನವಿಡೀ ಪ್ರೀತಿಸಿದ್ದು ಕೈತಪ್ಪುತ್ತಿದ್ದರೆ ದುಃಖ ಪಡುವುದು ಸಹಜ. ಅವರಿಗೂ ಅದನ್ನೇ ಹೇಳಿದೆ. ಆ ದಿನ ಬೇರೆ ಸಲಹೆ ಕೊಡಲಿಲ್ಲ.

ಆಮೇಲೆ ಕಿವಿ ಪರೀಕ್ಷೆಗೆ ಒಪ್ಪಿದರು, ವರದಿ ಬಂತು. ಕೆಳಗಿನ ಸ್ವರಗಳು ಹೆಚ್ಚುಕಡಿಮೆ ಸರಿಯಿವೆ, 2000 ಹರ್ಟ್ಸ್ (ಸ್ವರದ ಎತ್ತರದ ಅಳತೆ) ದಾಟಿದ ಮೇಲೆ ಕೇಳುವ ಶಕ್ತಿ ತೋರಿಸುವ ಗೆರೆ ಇಳಿಯುತ್ತದೆ. ಒಳಕಿವಿಯಲ್ಲಿ ಎತ್ತರದ ಸ್ವರಗಳನ್ನು ಹಿಡಿಯುವ ಸೂಕ್ಷ್ಮ ಕೋಶಗಳು ವಯಸ್ಸಾದಂತೆ ಮೊದಲು ಸವೆಯುತ್ತವೆ, ಮತ್ತೆ ಬೆಳೆಯುವುದಿಲ್ಲ. ಸ, ಶ, ತ ಇಂಥ ಅಕ್ಷರಗಳ ಬಲ ಇರುವುದೂ ಆ ಎತ್ತರದಲ್ಲೇ. ಹಾಗಾಗಿ ದನಿ ಕೇಳಿಸುತ್ತದೆ, ಮಾತು ಬಿಡಿಯಾಗಿ ತಿಳಿಯುವುದಿಲ್ಲ. ಇದನ್ನು ಇಬ್ಬರ ಮುಂದೆಯೇ ವಿವರಿಸಿದೆ. ಹೆಂಡತಿ ಸುಮ್ಮನಾದರು. ಬೇಕಂತಲೇ ಕೇಳಿಸಿಕೊಳ್ಳುತ್ತಿಲ್ಲ ಅಂತ ಇಷ್ಟು ದಿನ ಅಂದುಕೊಂಡಿದ್ದರು.

ವಾಲ್ಯೂಮ್ ಏರಿಸಿದರೆ ಕಳೆದದ್ದು ಬರುವುದಿಲ್ಲ. ಇಂಥ ಕಿವಿಗೆ ಮೆಲುದನಿ ಕೇಳಿಸುವುದೇ ಇಲ್ಲ, ಸ್ವಲ್ಪ ಜೋರಾದರೆ ಚುಚ್ಚುತ್ತದೆ. ಅರ್ಧಕ್ಕೇ ಏಳುತ್ತಿದ್ದುದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆ 80 ಡೆಸಿಬಲ್ (ದನಿ ಎಷ್ಟು ಜೋರು ಎಂಬ ಅಳತೆ) ದನಿಯನ್ನು ವಾರಕ್ಕೆ 40 ಗಂಟೆ ಕೇಳುವುದೇ ಮಿತಿ ಎಂದು ಹೇಳುತ್ತದೆ. ಉಳಿದಿರುವ ಕಿವಿಯನ್ನು ಕಾಪಾಡಿಕೊಳ್ಳಬೇಕಾದವರು ಇನ್ನೂ ಕಡಿಮೆ ಇಟ್ಟುಕೊಳ್ಳಲಿ ಅನ್ನುತ್ತೇನೆ ನಾನು.

ಅಂಗಡಿಯೊಂದರಲ್ಲಿ ಹಿಯರಿಂಗ್ ಏಡ್ ತಗೊಂಡರು. ಕೆಲವೇ ದಿನಕ್ಕೆ ಕಪಾಟಿಗೆ ಹಾಕಿದರು. "ಪಿಟೀಲು ನಡುಗುತ್ತೆ, ಕೊಳಲು ಕುಲುಕುತ್ತೆ ಮೇಡಂ." ದೂರು ಸರಿಯಾಗಿಯೇ ಇತ್ತು. ಈ ಸಾಧನಗಳು ಮುಖ್ಯವಾಗಿ ಮಾತಿಗಾಗಿ ಮಾಡಿದವು. ದೀರ್ಘವಾಗಿ ನಿಲ್ಲಿಸಿದ ಸ್ವರವನ್ನು ಸಾಧನದ ಸಿಳ್ಳೆ ಅಂತ ತಪ್ಪು ತಿಳಿದು ಅಳಿಸಲು ಹೋಗುತ್ತವೆ. ಮೆಲುದನಿಯನ್ನು ಎತ್ತಿ ಜೋರುದನಿಯನ್ನು ಒತ್ತುತ್ತವೆ. ಕಛೇರಿಯ ಏರಿಳಿತವೆಲ್ಲ ಚಪ್ಪಟೆಯಾಗುತ್ತದೆ. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಸಾಧನದ ಈ ಎರಡೂ ಕೆಲಸಗಳನ್ನು ತಗ್ಗಿಸಿ, ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಂ ಮಾಡಿಕೊಡಬಹುದು. ಇದನ್ನು ನಾವಾಗಿ ಕೇಳಬೇಕು. ಬಾಯಿಪಾಠದಷ್ಟು ಪರಿಚಯವಿರುವ ರೆಕಾರ್ಡಿಂಗ್ ಒಯ್ದು, ಅಲ್ಲೇ ಕೇಳಿ, ಎಲ್ಲಿ ಕೆಡುತ್ತಿದೆ ಅಂತ ನಿಖರವಾಗಿ ಹೇಳಿ ಅಂದೆ. ಇಷ್ಟು ತರಬೇತಾದ ಕಿವಿ ಇರುವವರಿಗೆ ಆ ಕೆಲಸ ಇತರರಿಗಿಂತ ಚೆನ್ನಾಗಿ ಬರುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಪರೀಕ್ಷೆಯೂ ಸಾಧನದ ಹೊಂದಾಣಿಕೆಯೂ ಒಟ್ಟಿಗೆ ಸಿಗುತ್ತವೆ. ಹೊಸ ದನಿಗೆ ಮಿದುಳು ಒಗ್ಗಲು ವಾರಗಳು ಬೇಕು, ಬೇಗ ಕೈಬಿಡಬೇಡಿ ಎಂದೂ ಸೇರಿಸಿದೆ.

ಗೆಳೆಯರ ವಿಷಯಕ್ಕೆ ಜಾಸ್ತಿ ಹೊತ್ತು ಬೇಕಾಯಿತು. ಎಲ್ಲರಿಗೂ ಹೇಳಬೇಕಿಲ್ಲ, ಒಬ್ಬರಿಗೆ ಹೇಳಿ ಅಂದೆ. ಹೇಳಿದರು. ಆ ಗೆಳೆಯರು ತಮಗೂ ಅನುಮಾನವಿದೆ ಅಂತ ಮರುದಿನವೇ ಪರೀಕ್ಷೆಗೆ ಹೆಸರು ಬರೆಸಿದರಂತೆ.

ತಾರಸ್ಥಾಯಿಯ ಪಿಟೀಲು ಮೇಷ್ಟ್ರಿಗೆ ಮೊದಲಿನಂತೆ ಕೇಳಿಸುವುದಿಲ್ಲ. ಆ ದನಿಯನ್ನು ಪೂರ್ತಿ ಮರಳಿ ಕೊಡುವ ಯಂತ್ರ ಇಲ್ಲ ಅಂತ ನೇರವಾಗಿಯೇ ಹೇಳಿದ್ದೇನೆ. ಆದರೆ ಹಾಡುಗಾರಿಕೆಯನ್ನು, ಮೃದಂಗದ ಎಡಗೈಯನ್ನು ಈಗ ಕೊನೆವರೆಗೂ ಕೂತು ಕೇಳುತ್ತಾರೆ. ಫೋನಿನ ಮಾತು ಮಾತ್ರ ಇನ್ನೂ ಕಷ್ಟ. ಮುಂದಿನ ಸಲ ಮಗಳನ್ನೂ ಕರೆತರಲು ಹೇಳಿದ್ದೇನೆ.